ಲೆಕ್ಕಕ್ಕೆ ಮೊದಲು ಜೋಡಣೆ

ಇಟ್ಟಿಗಿಯಿಂದ ಹರಪನಹಳ್ಳಿ, ಕೂಡ್ಲಿಗಿ ಕಡೆ ಹೊರಟರೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ರೆಕ್ಕೆಗಳು ಸುತ್ತುವುದು ಎಲ್ಲರಿಗೂ ಕಾಣುತ್ತದೆ. ಆದರೆ ಪ್ರತಿ ರೆಕ್ಕೆಯೂ ತನ್ನ ಬುಡದಲ್ಲಿ ಹೊರಳಿ ಗಾಳಿಗೆ ಎಷ್ಟು ಮೈಯೊಡ್ಡಬೇಕೆಂದು ಹೊಂದಿಸಿಕೊಳ್ಳುವುದು ಕಣ್ಣಿಗೆ ಬೀಳದು. ಮೂರರಲ್ಲಿ ಒಂದರ ಕೋನ ತಪ್ಪಿದರೂ ಹೊರೆ ಬೇರಿಂಗಿಗೆ, ಗೋಪುರಕ್ಕೆ ಬೀಳುತ್ತದೆ. ಹಾಗಾಗಿ ಕೋನ ಅಳೆಯುವ ಸೆನ್ಸರ್ ನಂಬಿಕಸ್ಥವಾಗಿರಲೇಬೇಕು. ಬೆಳಕಿನಿಂದ ಅಳೆಯುವವು ಬಹಳ ನಿಖರ, ನಿಜ. ಆದರೆ ಗ್ರೀಸು, ಧೂಳು ಅವುಗಳ ಕಣ್ಣು ಕಟ್ಟುತ್ತವೆ. ಇಂಥ ಕಡೆ ಇಂಡಕ್ಟಿವ್ ಸೆನ್ಸರ್ ಒಪ್ಪುತ್ತದೆ. ಅದರ ಒಂದು ತಾಮ್ರದ ಸುರುಳಿಯಲ್ಲಿ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಎದುರಿಗೆ ತಿರುಗುವ ಲೋಹದ ತಗಡು ಆ ಕಾಂತಕ್ಷೇತ್ರವನ್ನು ಕದಲಿಸುತ್ತದೆ. ಇನ್ನೆರಡು ಸುರುಳಿಗಳು ಅದನ್ನು ಸೈನ್, ಕೊಸೈನ್ ಅಲೆಗಳಾಗಿ ಹಿಡಿಯುತ್ತವೆ. ಕೋನ ಸಿಗುವುದು ಇವೆರಡರ ಅನುಪಾತದಿಂದ. ತಗಡು ತುಸು ಹಿಂದೆ ಸರಿದರೆ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಅನುಪಾತ ಕೆಡುವುದಿಲ್ಲ. ಇದು ಈ ವಿನ್ಯಾಸದ ನಿಜವಾದ ಜಾಣತನ.

ತಪ್ಪು ನುಸುಳುವುದು ಬೇರೆ ಕಡೆಯಿಂದ. ಒಂದು ಅಲೆ ಇನ್ನೊಂದಕ್ಕಿಂತ ಶೇ. 1ರಷ್ಟು ದೊಡ್ಡದಾದರೆ ಅಲೆಯ ಕೋನದಲ್ಲಿ ಸುಮಾರು 0.29 ಡಿಗ್ರಿವರೆಗೆ ತಪ್ಪು ಬರುತ್ತದೆ, ಅದೂ ಅಲೆಯ ಪ್ರತಿ ಆವರ್ತನೆಯಲ್ಲಿ ಎರಡು ಸಲ ಏರಿಳಿಯುತ್ತ. ಇದು ಪ್ರತಿ ಸಲವೂ ಒಂದೇ ರೀತಿ ಬರುವುದರಿಂದ ಸೆನ್ಸರ್‌ನ ಚಿಪ್‌ನೊಳಗೆ ಕೋಷ್ಟಕವಿಟ್ಟು ಕಳೆದುಬಿಡಬಹುದು. ಜೋಡಣೆಯ ತಪ್ಪನ್ನು ಕಳೆಯುವುದು ಅಷ್ಟು ಸುಲಭವಲ್ಲ. ಬಂಡಿಯ ಗಾಲಿಗೆ ಅಚ್ಚು ನಡುವಿನಲ್ಲಿ ಕೂರದಿದ್ದಂತೆ, 20 ಮಿ.ಮೀ. ತ್ರಿಜ್ಯದ ತಗಡು ಕೇಂದ್ರದಿಂದ 0.1 ಮಿ.ಮೀ. ಸರಿದಿದ್ದು, ಅದನ್ನು ಒಂದೇ ಬದಿಯಲ್ಲಿ ಓದುತ್ತಿದ್ದರೆ, ಸುಮಾರು 0.29 ಡಿಗ್ರಿವರೆಗೆ ತಪ್ಪಾಗುತ್ತದೆ. ಸುರುಳಿಗಳನ್ನು ಸುತ್ತಲೂ ಹರಡುವುದು, ಇಲ್ಲವೇ ಎದುರುಬದುರಾಗಿ ಎರಡು ಕಡೆ ಓದಿ ಸರಾಸರಿ ಹಿಡಿಯುವುದು ಇದರ ಮದ್ದು: ಒಂದು ಬದಿಯ ಹೆಚ್ಚನ್ನು ಇನ್ನೊಂದು ಬದಿಯ ಕಡಿಮೆ ನುಂಗುತ್ತದೆ.

ಇಷ್ಟು ಸಣ್ಣ ತಪ್ಪಿಗೆ ಇಷ್ಟು ಚಿಂತೆ ಬೇಕೆ ಎನ್ನಬಹುದು. ಅದು ಕೆಲಸವನ್ನು ನೋಡಿ ಹೇಳಬೇಕಾದ ಮಾತು. ಚಂದ್ರಯಾನ-1ಕ್ಕಾಗಿ 2008ರಲ್ಲಿ ಸಜ್ಜಾದ ಬ್ಯಾಲಾಳುವಿನ 32 ಮೀಟರ್ ಆಂಟೆನಾಕ್ಕೆ ಎಕ್ಸ್ ಬ್ಯಾಂಡ್ ರೇಡಿಯೊ ಅಲೆಗಳಲ್ಲಿ ಕಾಣುವ ಆಕಾಶದ ಅಗಲ ಸುಮಾರು 0.08 ಡಿಗ್ರಿ; ಅಲ್ಲಿ ಇಷ್ಟು ತಪ್ಪಿದರೆ ನೌಕೆ ನೋಟದಿಂದಲೇ ಜಾರುತ್ತದೆ. ಎಲ್ಲವನ್ನೂ ಸಾಫ್ಟ್‌ವೇರ್ ಸರಿಪಡಿಸೀತು ಎಂಬ ವಾದವೂ ಇದೆ. ಅರ್ಧ ಒಪ್ಪುತ್ತೇನೆ. ಕಾರ್ಖಾನೆಯ ಮೇಜಿನ ಮೇಲೆ ಬರೆದ ಕೋಷ್ಟಕಕ್ಕೆ, ಆಮೇಲೆ ಗೋಪುರದ ತುದಿಯಲ್ಲಿ ಬೋಲ್ಟು ಹೇಗೆ ಬಿಗಿಯಲಾಯಿತೆಂದು ತಿಳಿಯದು. ಬೇಸಿಗೆಯ ಬಿಸಿ, ಸವೆದ ಬೇರಿಂಗ್ ಅದನ್ನು ಇನ್ನಷ್ಟು ಹಳತಾಗಿಸುತ್ತವೆ. ಆದ್ದರಿಂದ ಮೊದಲು ಜೋಡಣೆ, ಆಮೇಲೆ ಲೆಕ್ಕ. ಕೋಷ್ಟಕವನ್ನು ಯಂತ್ರದಲ್ಲಿ ಕೂರಿಸಿದ ಮೇಲೆಯೇ ಬರೆಯಬೇಕು. ಎರಡು ಕಡೆ ಓದಿದರೆ ಖರ್ಚು ಹೆಚ್ಚುತ್ತದೆ, ಹೌದು. ಆದರೆ ಆ ಎರಡು ಓದುಗಳ ನಡುವಿನ ಅಂತರ ತಿಂಗಳು ತಿಂಗಳಿಗೆ ಬೆಳೆಯುತ್ತಿದ್ದರೆ, ಬೇರಿಂಗ್ ಸವೆಯುತ್ತಿರಬಹುದೆಂಬ ಸುಳಿವು ಅದು ಮುರಿಯುವ ಮೊದಲೇ ಸಿಗುತ್ತದೆ.