ಪರೇಲ್ ರಸ್ತೆಯೂ ಒಂದು ವಿದ್ಯಾಲಯದ ನಿವೇಶನವೂ

ಮುಂಬಯಿಯ ಬೈಕಲಾದಲ್ಲಿ ರಾಣಿಬಾಗಿನ ಎದುರಿಗೆ ಮಧ್ಯ ರೈಲ್ವೆಯ ಆಸ್ಪತ್ರೆಯಿರುವುದನ್ನು ಆ ಮಾರ್ಗವಾಗಿ ಸಂಚರಿಸುವವರು ಬಲ್ಲರು. ಅದೇ ನಿವೇಶನವು ಒಂದು ಕಾಲಕ್ಕೆ ಎಲ್ಫಿನ್‌ಸ್ಟನ್ ಕಾಲೇಜಿನದಾಗಿತ್ತೆಂಬುದನ್ನು ಅರಿತವರು ವಿರಳ. ವಿದ್ಯಾಲಯವೊಂದು ಸ್ಥಳಾಂತರಗೊಂಡ ಮೇಲೆ ಹಳೆಯ ನೆಲಕ್ಕೂ ಅದಕ್ಕೂ ಯಾವ ಸಂಬಂಧವುಳಿಯುತ್ತದೆ? ಈ ಬೀದಿಯ ಚರಿತ್ರೆಯಲ್ಲಿ ಆ ಪ್ರಶ್ನೆಗೆ ಒಂದು ಬಗೆಯ ಉತ್ತರವಿದೆ.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೈಕಲಾ ಕೋಟೆಯಾಚೆಯ ಉಪನಗರವಾಗಿತ್ತು. ಗವರ್ನರರ ನಿವಾಸವು ಪರೇಲಿನಲ್ಲಿದ್ದುದರಿಂದ, ಅಲ್ಲಿಗೆ ಸಾಗುವ ಪರೇಲ್ ರಸ್ತೆಯ ಆಸುಪಾಸಿನಲ್ಲಿ ಸಿರಿವಂತರು ವಿಶಾಲವಾದ ತೋಟಗಳ ನಡುವೆ ಬಂಗಲೆಗಳನ್ನು ಕಟ್ಟಿಸಿದರು. ೧೮೩೩ರಲ್ಲಿ ಬೈಕಲಾ ಕ್ಲಬ್ಬು ಹುಟ್ಟಿತು. ೧೮೬೨ರಲ್ಲಿ ವಿಕ್ಟೋರಿಯಾ ಉದ್ಯಾನವೂ ೧೮೭೨ರಲ್ಲಿ ಅದರ ಮಗ್ಗುಲಿನ ವಸ್ತುಸಂಗ್ರಹಾಲಯವೂ ತೆರೆದವು. ಇವುಗಳೆದುರಿಗೆ ೧೮೭೧ರಲ್ಲಿ, ಸರ್ ಕಾವಸ್‌ಜಿ ಜಹಾಂಗೀರರ ದಾನದ ನೆರವಿನಿಂದ, ಕಾಲೇಜಿನ ಕಟ್ಟಡವೆದ್ದಿತು. ಉದ್ಯಾನ, ಸಂಗ್ರಹಾಲಯ, ವಿದ್ಯಾಲಯ ಈ ಮೂರೂ ಒಂದೆಡೆ ಕೂಡಿದುದು ಅಂದಿನ ನಾಗರಿಕರ ಆದರ್ಶಕ್ಕೆ ಸಾಕ್ಷಿಯಾಗಿದೆ.

ಆದರೆ ಉಪನಗರದ ಸ್ವರೂಪವು ಆಗಲೇ ಮಾರ್ಪಡತೊಡಗಿತ್ತು. ೧೮೫೩ರಲ್ಲಿ ಠಾಣೆಗೆ ಹೊರಟ ಮೊದಲ ರೈಲು ಈ ಮಾರ್ಗವಾಗಿಯೇ ಹಾದಿತ್ತು. ಅದರ ಹಿಂದೆಯೇ ಹತ್ತಿಯ ಗಿರಣಿಗಳೂ ಕಾರ್ಮಿಕರ ಚಾಳುಗಳೂ ಬಂದವು. ೧೮೮೦ರ ದಶಕದಲ್ಲಿ ಗವರ್ನರರು ಮಲಬಾರ್ ಗುಡ್ಡದ ನಿವಾಸವನ್ನು ನೆಚ್ಚಿದರು. ಕಾಲೇಜೂ ಅದೇ ದಶಕದ ಕೊನೆಯಲ್ಲಿ ಕಾಲಾಘೋಡಾಕ್ಕೆ ಹೋಯಿತು. ತೆರವಾದ ಕಟ್ಟಡಕ್ಕೆ, ೧೮೮೭ರಲ್ಲಿ ಸ್ಥಾಪಿತವಾದ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯು ಬಂದಿತು. ಗಿರಣಿಗಳ ನೆರೆಯಲ್ಲಿ ಯಂತ್ರವಿದ್ಯೆಯ ಶಾಲೆ ನೆಲೆಸಿದುದು ಉಚಿತವೇ ಆಗಿತ್ತು.

ಈ ಸಂಸ್ಥೆಯೂ ೧೯೨೩ರಲ್ಲಿ ಮಾಟುಂಗಾಕ್ಕೆ ತೆರಳಿತು. ೧೮೯೬ರ ಪ್ಲೇಗಿನ ಪರಿಣಾಮವಾಗಿ ೧೮೯೮ರಲ್ಲಿ ಹುಟ್ಟಿದ ನಗರಸುಧಾರಣಾ ಮಂಡಲಿಯು ದಾದರ್-ಮಾಟುಂಗಾ ಪ್ರದೇಶವನ್ನು ಹೊಸ ಬಡಾವಣೆಯಾಗಿ ರೂಪಿಸಿತ್ತು. ೧೯೨೬ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಷನ್ನಿನ ಮನೆಯೂ ಇಂದು ಅದೇ ಮಾಟುಂಗಾದ ಭಾವೂದಾಜಿ ರಸ್ತೆಯಲ್ಲಿದೆ. ಆ ರಸ್ತೆಗೆ ಹೆಸರು ಕೊಟ್ಟ ಡಾ. ಭಾವೂ ದಾಜಿ ಲಾಡರು ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಓದಿದವರು, ಬೈಕಲಾದ ಸಂಗ್ರಹಾಲಯಕ್ಕಾಗಿ ದುಡಿದವರು. ೧೯೭೫ರಲ್ಲಿ ಸಂಗ್ರಹಾಲಯವೇ ಅವರ ಹೆಸರನ್ನು ತಳೆಯಿತು. ನಮ್ಮ ಸಭೆಗಳು ನಡೆಯುವ ಬೀದಿಗೂ ಈ ಹಳೆಯ ಉಪನಗರಕ್ಕೂ ಹೀಗೊಂದು ನಂಟುಂಟು.

ಬೈಕಲಾದ ನಿವೇಶನವು ಕೊನೆಗೆ ರೈಲ್ವೆಯ ಆಸ್ಪತ್ರೆಯಾಯಿತು. ಡೇವಿಡ್ ಸಸೂನರ ಬಂಗಲೆಯೂ ಮಸೀನಾ ಆಸ್ಪತ್ರೆಯಾಗಿ ಮಾರ್ಪಟ್ಟಿತು. ವಿಲಾಸದ ತೋಟಗಳಿದ್ದ ನೆಲದಲ್ಲಿ ಜನಸಂದಣಿ ಹೆಚ್ಚಿದಂತೆ ಶುಶ್ರೂಷೆಯ ಅಗತ್ಯವೂ ಹೆಚ್ಚಿತೆಂಬುದು ಇದರ ಸಹಜವಾದ ಅರ್ಥ.

ಕಾಲೇಜು ಇಲ್ಲಿಂದ ಕಾಲಾಘೋಡಾಕ್ಕೆ ಹೋಗಿದ್ದರೆ, ಆ ಸ್ಥಳಕ್ಕೆ ಹೆಸರು ತಂದ ಏಳನೆಯ ಎಡ್ವರ್ಡನ ಅಶ್ವಪ್ರತಿಮೆಯು ೧೯೬೫ರಲ್ಲಿ ಅಲ್ಲಿಂದ ಬೈಕಲಾದ ಉದ್ಯಾನಕ್ಕೆ ಬಂದಿತು. ಕುದುರೆ ಬಂದರೂ ಹೆಸರು ಅಲ್ಲಿಯೇ ಉಳಿಯಿತು! ಪರೇಲ್ ರಸ್ತೆಯಾದರೋ ಇಂದು ಡಾ. ಬಾಬಾಸಾಹೇಬ ಅಂಬೇಡ್ಕರ್ ಮಾರ್ಗ. ಆಸ್ಪತ್ರೆಗೂ ಅವರದೇ ಹೆಸರು. ಅವರು ೧೯೧೨ರಲ್ಲಿ ಬಿ.ಎ. ಪದವಿ ಪಡೆದುದು ಎಲ್ಫಿನ್‌ಸ್ಟನ್ ಕಾಲೇಜಿನಿಂದ. ಕಾಲೇಜು ತೊರೆದುಹೋದ ನೆಲಕ್ಕೆ ಅದರ ವಿದ್ಯಾರ್ಥಿಯೊಬ್ಬರು ಹೆಸರಾಗಿ ಮರಳಿದ್ದಾರೆ. ಸ್ಥಳದ ಸ್ಮೃತಿಯು ಕಟ್ಟಡದಲ್ಲಿ ಅಳಿದರೂ ಹೀಗೆ ಬೇರೊಂದು ಹಾದಿಯಿಂದ ಉಳಿಯಬಲ್ಲುದು. ಅದನ್ನು ಗುರುತಿಸುವ ಕೆಲಸ ಮಾತ್ರ ಆ ಬೀದಿಯಲ್ಲಿ ನಡೆಯುವವರದು. ಅನ್ಯನಾಡಿನಿಂದ ಬಂದು ಈ ನಗರವನ್ನು ಮನೆಯಾಗಿಸಿಕೊಂಡ ನಮ್ಮದೂ ಹೌದು.