ನಿಲ್ದಾಣಕ್ಕೆ ಐದು ಲೀಟರ್

ಕೆ.ಆರ್. ಪುರದ ಓದುಗರೊಬ್ಬರು ಎರಡು ಪ್ರಶ್ನೆ ಕಳಿಸಿದ್ದಾರೆ. ಬೆಂಗಳೂರಿನ ದಂಡು (ಕಂಟೋನ್ಮೆಂಟ್) ನಿಲ್ದಾಣದಲ್ಲಿ ಡೆಮು ಎಂಬ ಡೀಸೆಲ್ ಪ್ಯಾಸೆಂಜರ್ ಗಾಡಿ ಸಿಗ್ನಲ್‌ಗಾಗಿ ಎಷ್ಟು ಹೊತ್ತು ಕಾದರೂ ಎಂಜಿನ್ ಆಫ್ ಮಾಡುವುದಿಲ್ಲ, ಯಾಕೆ? ತಲೆಯ ಮೇಲೇ ಕರೆಂಟಿನ ತಂತಿ ಇರುವಾಗ ಈ ಹೊಗೆ ಗಾಡಿ ಯಾಕೆ ಬೇಕಿತ್ತು?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ರೈಲಿನ ಬ್ರೇಕು ನಡೆಯುವುದು ಒತ್ತಿ ತುಂಬಿದ ಗಾಳಿಯಿಂದ. ಆ ಗಾಳಿಯ ಕಂಪ್ರೆಸರ್, ದೀಪ, ಫ್ಯಾನು, ಬ್ಯಾಟರಿ ಚಾರ್ಜಿಂಗ್ ಎಲ್ಲವೂ ಎಂಜಿನ್ನನ್ನೇ ನೆಚ್ಚಿಕೊಂಡಿವೆ. ಆಫ್ ಮಾಡಿ, ಹಸಿರು ದೀಪ ಬಂದಾಗ ಸ್ಟಾರ್ಟ್ ಆಗದಿದ್ದರೆ ಹಿಂದಿನ ಗಾಡಿಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಹಳೆಯ ಬ್ಯಾಟರಿಯನ್ನು ನಂಬಿ ಯಾವ ಲೋಕೋ ಪೈಲಟ್ ಆ ಸಾಹಸಕ್ಕೆ ಇಳಿದಾರು?

ಎರಡನೆಯದು ಹೆಚ್ಚು ಒಳ್ಳೆಯ ಪ್ರಶ್ನೆ. ಮದ್ರಾಸ್ ರೈಲ್ವೆ ಜೋಲಾರ್‌ಪೇಟೆಯಿಂದ ದಂಡಿನವರೆಗೆ ಹಳಿ ತಂದದ್ದು 1864ರಲ್ಲಿ; ಆ ಹಳಿಯ ಮೇಲೆ ತಂತಿ ಬಂದದ್ದು 1990ರ ದಶಕದಲ್ಲಿ. ಆದರೆ ಬೈಯಪ್ಪನಹಳ್ಳಿಯಲ್ಲಿ ಹೊಸೂರಿನ ಕಡೆ ತಿರುಗಿದರೆ ಬೆಳ್ಳಂದೂರು ರೋಡ್, ಕಾರ್ಮೆಲರಾಂ, ಹೀಲಲಿಗೆ, ಆನೇಕಲ್ ರೋಡ್, ಎಲ್ಲಿಯೂ ತಂತಿ ಇರಲಿಲ್ಲ. ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೂ ಅಷ್ಟೇ. ನಡುವಿನ ಹತ್ತು ಕಿಲೋಮೀಟರಿಗೆ ತಂತಿ ಇದ್ದು, ಹೋಗಬೇಕಾದ ಊರಿಗೆ ಇಲ್ಲದಿದ್ದರೆ ಗಾಡಿ ಡೀಸೆಲ್ಲೇ ಆಗಬೇಕು. ಈ ಕವಲುಗಳಿಗೆಲ್ಲ ವಿದ್ಯುತ್ ಬಂದದ್ದು ಈ ದಶಕದಲ್ಲಷ್ಟೇ. ಆಮೇಲೆ ಡೆಮುಗಳ ಜಾಗಕ್ಕೆ ತಂತಿಯ ವಿದ್ಯುತ್ತಿನಲ್ಲಿ ಓಡುವ ಮೆಮುಗಳು ಒಂದೊಂದಾಗಿ ಬರತೊಡಗಿದವು.

ಬೆಂಗಳೂರಿನ ಪೂರ್ವದವರಿಗೆ ಇದನ್ನು ವಿವರಿಸುವುದು ಸುಲಭ. ಡೀಸೆಲ್ ಗಾಡಿ ಎಂದರೆ ನೀರಿನ ಟ್ಯಾಂಕರ್, ವಿದ್ಯುತ್ ಗಾಡಿ ಎಂದರೆ ಕಾವೇರಿ ಕನೆಕ್ಷನ್. ಟ್ಯಾಂಕರಿನ ನೀರು ದುಬಾರಿ, ಸದ್ದು ಜಾಸ್ತಿ, ತಂದ ನೀರಿನ ಭಾರವನ್ನೂ ಅದೇ ಹೊರಬೇಕು. ಆದರೆ ರಸ್ತೆ ಇದ್ದಲ್ಲೆಲ್ಲ ಬರುತ್ತದೆ. ಪೈಪಿಗೆ ಮೊದಲ ಖರ್ಚು ವಿಪರೀತ. ನಾಲ್ಕು ಮನೆಗೆ ಎಳೆದರೆ ದುಂದು, ನಾನೂರು ಮನೆಗೆ ಎಳೆದರೆ ಲಾಭ. ದಿನಕ್ಕೆ ಒಂದೆರಡು ಪ್ಯಾಸೆಂಜರ್ ಓಡುವ ಕವಲು ಹಳಿಗೆ 25,000 ವೋಲ್ಟಿನ ತಂತಿ, ಕಂಬ, ಸಬ್‌ಸ್ಟೇಷನ್ ಹಾಕುವುದೂ ಹೀಗೆಯೇ. ಪೈಪು ಒಡೆದರೆ ಇಡೀ ಬಡಾವಣೆ ಒಣಗುತ್ತದೆ. ಮೇ ತಿಂಗಳ ಗಾಳಿಮಳೆಗೆ ಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೂ ಆ ಭಾಗದ ಮೆಮುಗಳೆಲ್ಲ ನಿಂತಲ್ಲೇ ನಿಲ್ಲುತ್ತವೆ, ಡೀಸೆಲ್ ಎಂಜಿನ್ನೇ ಬಂದು ಎಳೆಯಬೇಕು. ಕೆ.ಆರ್. ಪುರದ ಡೀಸೆಲ್ ಶೆಡ್ಡಿನಲ್ಲಿ ಈಗ ವಿದ್ಯುತ್ ಎಂಜಿನ್‌ಗಳೂ ನಿಲ್ಲುತ್ತವೆ, ಆದರೂ ಡೀಸೆಲ್ಲನ್ನು ಪೂರ್ತಿ ಕೈಬಿಡುವ ಧೈರ್ಯ ಯಾರಿಗೂ ಇಲ್ಲ. ಈ ಹೋಲಿಕೆ ಒಂದು ಕಡೆ ಕುಂಟುತ್ತದೆ, ಸ್ವಾರಸ್ಯ ಇರುವುದೂ ಅಲ್ಲೇ. ಅದು ಆಮೇಲೆ.

ಅದಕ್ಕೂ ಮೊದಲು ಒಂದಿಷ್ಟು ಚರಿತ್ರೆ. ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಡೀಸೆಲ್ ಎಂಜಿನ್ನಿಗೆ ಹುಟ್ಟಿನಿಂದಲೇ ಒಂದು ಕೊರತೆ ಇದೆ, ನಿಂತಲ್ಲಿಂದ ಅದು ಭಾರ ಎಳೆಯಲಾರದು. ಮೊದಲು ತಾನು ತಿರುಗುತ್ತಿರಬೇಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ತೋರಿಸಿದ ಎಂಜಿನ್ ಇಂಧನದ ಶಕ್ತಿಯಲ್ಲಿ ಸುಮಾರು ಶೇ. 26ನ್ನು ಕೆಲಸಕ್ಕೆ ತಿರುಗಿಸಿತ್ತು. ಆ ಕಾಲದ ಉಗಿಬಂಡಿಗೆ ಶೇ. 10 ಮುಟ್ಟುವುದೂ ಕಷ್ಟ. ಇಷ್ಟು ಚೆನ್ನಾದ ಎಂಜಿನ್ನನ್ನು ಹಳಿಗೆ ತರಬೇಕೆಂದು 1912ರಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್‌ನಲ್ಲಿ ಡೀಸೆಲ್ ಮತ್ತು ಸುಲ್ಜರ್ ಕಂಪನಿಯವರು ಎಂಜಿನ್ನನ್ನು ನೇರವಾಗಿ ಚಕ್ರಕ್ಕೇ ಜೋಡಿಸಿದರು. ಗಾಡಿ ಹೊರಡಿಸಲು ಸಿಲಿಂಡರಿಗೆ ಒತ್ತಿದ ಗಾಳಿ ಊದಬೇಕಿತ್ತು. ಗಂಟೆಗೆ ಹತ್ತು ಕಿಲೋಮೀಟರ್ ವೇಗ ಬಂದ ಮೇಲಷ್ಟೇ ಎಣ್ಣೆಯ ಕೆಲಸ ಶುರು. ಆ ಯಂತ್ರ ಬಾಳಲಿಲ್ಲ. 1913ರ ಸೆಪ್ಟೆಂಬರಿನಲ್ಲಿ ಡೀಸೆಲ್ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಕಾಣೆಯಾದರು.

ಅದೇ ವರ್ಷ ಸ್ವೀಡನ್ನಿನಲ್ಲಿ ಬೇರೆ ಬಗೆಯ ರೈಲುಕಾರು ಓಡಿತು. ಅದರಲ್ಲಿ ಎಂಜಿನ್ ಚಕ್ರದ ತಂಟೆಗೇ ಹೋಗುವುದಿಲ್ಲ. ಜನರೇಟರನ್ನು ತಿರುಗಿಸುತ್ತದೆ, ಆ ವಿದ್ಯುತ್ತಿನಿಂದ ಮೋಟಾರುಗಳು ಚಕ್ರ ತಿರುಗಿಸುತ್ತವೆ. ಸಿಕ್ಕು ಇದ್ದದ್ದು ಎಂಜಿನ್ನಿನ ವೇಗವನ್ನೂ ಜನರೇಟರಿನ ಕಾಂತಬಲವನ್ನೂ ಚಾಲಕ ಒಟ್ಟಿಗೆ ಸಂಭಾಳಿಸುವುದರಲ್ಲಿ. ಎರಡನ್ನೂ ಒಂದೇ ಹಿಡಿಗೆ ತಂದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಸ್ವಿಸ್ ಮೂಲದ ಹರ್ಮನ್ ಲೆಂಪ್. ಈ ಹೆಸರು ಯಾರ ನೆನಪಿನಲ್ಲೂ ಇಲ್ಲ. ನನ್ನ ಮಟ್ಟಿಗೆ, ರೈಲಿನ ವಿಷಯದಲ್ಲಿ ಲೆಂಪ್ ಅವರು ಡೀಸೆಲ್‌ಗಿಂತ ಒಂದು ಕೈ ಮೇಲು. ನಮ್ಮ 1400 ಅಶ್ವಶಕ್ತಿಯ ಡೆಮು ಪವರ್ ಕಾರಿನೊಳಗೂ ಇರುವುದು ಇದೇ ಸೂತ್ರ. ಅಂದರೆ ಡೆಮು ಕೂಡ ವಿದ್ಯುತ್ ಗಾಡಿಯೇ, ತನ್ನ ವಿದ್ಯುತ್ ಸ್ಥಾವರವನ್ನು ಹೊತ್ತುಕೊಂಡು ಓಡುತ್ತದೆ ಅಷ್ಟೇ. ಪವರ್ ಕಾರಿನ ಬಹುಪಾಲು ಜಾಗವನ್ನು ಅದೇ ನುಂಗುತ್ತದೆ, ಅಷ್ಟು ಸೀಟು ಖೋತಾ.

ಈಗ ಲೆಕ್ಕಕ್ಕೆ ಬರೋಣ. ಜನ ತುಂಬಿದ ಎಂಟು ಬೋಗಿಯ ಗಾಡಿ ಸುಮಾರು 400 ಟನ್ ಎನ್ನಿ. ಅದು ಗಂಟೆಗೆ 60 ಕಿಲೋಮೀಟರ್ ವೇಗ ಮುಟ್ಟಿದಾಗ ಅದರಲ್ಲಿರುವ ಚಲನಶಕ್ತಿ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ, ಸುಮಾರು 15 ಯೂನಿಟ್. ಒಂದು ಲೀಟರ್ ಡೀಸೆಲ್ಲಿನಲ್ಲಿ 10 ಯೂನಿಟ್ ಶಕ್ತಿ ಇದೆ, ಚಕ್ರಕ್ಕೆ ತಲುಪುವುದು ಮೂರು. ಹಾಗಾದರೆ ನಿಂತ ಗಾಡಿಯನ್ನು ಆ ವೇಗಕ್ಕೆ ತರಲು ಐದು ಲೀಟರ್ ಬೇಕು. ಮುಂದಿನ ನಿಲ್ದಾಣದಲ್ಲಿ ಬ್ರೇಕ್ ಹಾಕಿದ ಕೂಡಲೇ ಅಷ್ಟೂ ಶಾಖವಾಗಿ ಗಾಳಿಗೆ ಹೋಗುತ್ತದೆ, ಮತ್ತೆ ಐದು ಲೀಟರ್. ಎಕ್ಸ್‌ಪ್ರೆಸ್ ಗಾಡಿಗೆ ಇದು ಲೆಕ್ಕಕ್ಕಿಲ್ಲ. ಪ್ಯಾಸೆಂಜರಿನ ಬದುಕೇ ನಿಲ್ಲುವುದು, ಹೊರಡುವುದು.

ಹೋಲಿಕೆ ಕುಂಟುವುದು ಇಲ್ಲಿ. ಮನೆಯಲ್ಲಿ ಮಿಕ್ಕ ನೀರನ್ನು ಕಾವೇರಿ ಪೈಪಿಗೆ ವಾಪಸು ತುಂಬಲು ಆಗದು, ತಂತಿಗೆ ವಿದ್ಯುತ್ತನ್ನು ವಾಪಸು ತುಂಬಬಹುದು. ತ್ರೀ-ಫೇಸ್ ಮೋಟಾರಿನ ಹೊಸ ಮೆಮು ಬ್ರೇಕ್ ಹಾಕುವಾಗ ಅದರ ಮೋಟಾರೇ ಜನರೇಟರಾಗಿ, ವ್ಯರ್ಥವಾಗುವ ಶಕ್ತಿಯಲ್ಲಿ ಒಂದಷ್ಟನ್ನು ತಂತಿಗೆ ಮರಳಿಸುತ್ತದೆ. ಹತ್ತಿರದಲ್ಲಿ ಹೊರಡುತ್ತಿರುವ ಇನ್ನೊಂದು ಗಾಡಿ ಅದನ್ನು ಬಳಸಿಕೊಳ್ಳಬಹುದು. ಹಳೆಯ ಮಾದರಿಯ ಮೆಮುಗಳಿಗೆ ಈ ವಿದ್ಯೆ ಬಾರದು, ಆದ್ದರಿಂದ ಮೆಮು ಎಂದ ಮಾತ್ರಕ್ಕೆ ಕುಣಿಯಬೇಕಿಲ್ಲ.

ತಂತಿ ಬಂದ ಕೂಡಲೇ ಇಂಗಾಲ ಮಾಯ ಎನ್ನುವ ಪ್ರಚಾರವನ್ನಂತೂ ನಾನು ಒಪ್ಪುವುದಿಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ 2.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅಂದರೆ ಚಕ್ರದ ಒಂದು ಯೂನಿಟ್ಟಿಗೆ 0.9 ಕಿಲೋ. ನಮ್ಮ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋ, ದಾರಿಯ ನಷ್ಟವನ್ನೂ ಲೆಕ್ಕ ಹಿಡಿದರೆ ಚಕ್ರದ ಬಳಿ ಅದೂ ಹೆಚ್ಚುಕಡಿಮೆ 0.9. ನಮ್ಮಲ್ಲಿ ಶರಾವತಿಯ ಜಲವಿದ್ಯುತ್ ಇದೆ, ಪಾವಗಡದ ಸೌರವಿದ್ಯುತ್ ಇದೆ ಎಂದು ವಾದಿಸಬಹುದು. ಆದರೆ 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗ ಜೋಡಿಸಿದ ಮೇಲೆ ದಕ್ಷಿಣದ ಗ್ರಿಡ್ಡೂ ಇಡೀ ದೇಶದ ಗ್ರಿಡ್ಡೂ ಒಂದೇ. ಇವತ್ತಿನ ನಿಜವಾದ ಲಾಭ ಇರುವುದು ಬ್ರೇಕಿನಲ್ಲಿ ಮತ್ತು ಪ್ಲಾಟ್‌ಫಾರಂನ ಗಾಳಿಯಲ್ಲಿ. ಎಂಜಿನ್ನಿಗೆ ಗಾಳಿ ಊದುವ ಟರ್ಬೋ ವೇಗ ಹಿಡಿಯುವ ಮೊದಲೇ ಎಣ್ಣೆ ನುಗ್ಗುವುದರಿಂದ ಹೊರಡುವ ಗಳಿಗೆಯಲ್ಲೇ ಮಸಿ ಹೆಚ್ಚು. ಜನ ನಿಂತಿರುವುದೂ ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ತೀರ್ಮಾನಿಸಿದೆ.

ಹಾಗೆಂದು ಡೆಮುವನ್ನು ಪೂರಾ ಖಳನಾಯಕ ಮಾಡಬೇಡಿ. ಸಾವಿರ ಜನ ಕಿಕ್ಕಿರಿದಿದ್ದರೆ ನಿಲ್ದಾಣಕ್ಕೆ ತಲಾ ಐದು ಮಿಲಿಲೀಟರ್ ಬೀಳುತ್ತದೆ. ಅಷ್ಟರಲ್ಲಿ ಸ್ಕೂಟರ್ ಇನ್ನೂರು ಚಿಲ್ಲರೆ ಮೀಟರ್ ಹೋದೀತು, ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜ್ ದಾಟಲಿಕ್ಕೂ ಸಾಲದು. ಹೊಸ ಇಂಧನ ತುಂಬಿ ಅದನ್ನು ಉಳಿಸಿಕೊಳ್ಳಬೇಕೆಂದೂ ಅಲ್ಲ. ಹರಿಯಾಣದ ಜೀಂದ್–ಸೋನಿಪತ್ ಮಾರ್ಗಕ್ಕೆಂದು ಡೆಮುವಿಗೆ ಹೈಡ್ರೋಜನ್ ಕೋಶ ಕೂರಿಸುವ ಯೋಜನೆಯ ಸುದ್ದಿಗೆ ಎಷ್ಟು ಸಡಗರ! ತಂತಿ ಇರುವ ಹಳಿಗೆ ಅದರ ಅಗತ್ಯವೇ ಇಲ್ಲ. ನನ್ನನ್ನು ಕೇಳಿದರೆ, ತಂತಿ ಇದ್ದಲ್ಲೆಲ್ಲ ಡೆಮು ಹೋಗಬೇಕು, ಬಂದ ಮೆಮು ತ್ರೀ-ಫೇಸ್ ಆಗಿರಬೇಕು, ಒಂದೆರಡು ಡೀಸೆಲ್ ಎಂಜಿನ್ ಮಳೆಗಾಲಕ್ಕೆ ಕೆ.ಆರ್. ಪುರದಲ್ಲಿ ಸಿದ್ಧ ಇರಬೇಕು. ಓದುಗರು ರೈಲ್ವೆಗೆ ಪತ್ರ ಬರೆಯುವುದಾದರೆ ಎಂಜಿನ್ ಯಾವುದೆಂದು ಕೇಳುವ ಮೊದಲು ದಿನಕ್ಕೆ ಎಷ್ಟು ಗಾಡಿ, ಎಷ್ಟು ಗಂಟೆಗೆ ಎಂದು ಕೇಳಿ.