ಬೆಟ್ಟವಿಳಿಯುವ ಸೈಕಲ್ಲಿಗೆ ದ್ರವಚಾಲಿತ ಬ್ರೇಕು

1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಕೆಲವು ಯುವಕರು ಒಂದು ವಿಚಿತ್ರ ಪಂದ್ಯವನ್ನು ಆರಂಭಿಸಿದರು. ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನೇರಿ ಬೆಟ್ಟದ ಮಣ್ಣುದಾರಿಯಲ್ಲಿ ಕೆಳಗಿಳಿಯುವುದೇ ಆ ಪಂದ್ಯ. ಮುಂದೆ ಬೆಟ್ಟದ ಸೈಕಲ್ಲನ್ನು (ಮೌಂಟನ್ ಬೈಕ್) ರೂಪಿಸಿದವರೆಂದು ಹೆಸರಾದ ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಅವರಲ್ಲಿದ್ದರು. ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಆ ದಾರಿ ಸುಮಾರು 400 ಮೀಟರ್ ಕೆಳಗಿಳಿಯುತ್ತಿತ್ತು. ಅದಕ್ಕೆ ಬಿದ್ದ ಹೆಸರು 'ರೀಪ್ಯಾಕ್', ಅಂದರೆ 'ಮತ್ತೆ ತುಂಬು'.

ಆ ಸೈಕಲ್ಲುಗಳ ಬ್ರೇಕು ಹಿಂದಿನ ಚಕ್ರದ ಹಬ್ಬಿನೊಳಗೇ ಇತ್ತು. ಪೆಡಲನ್ನು ಹಿಮ್ಮುಖವಾಗಿ ತುಳಿದರೆ ಅದು ಹಿಡಿಯುತ್ತಿತ್ತು. ಒಮ್ಮೆ ಬೆಟ್ಟವಿಳಿಯುವಷ್ಟರಲ್ಲಿ ಹಬ್ಬು ಎಷ್ಟು ಕಾಯುತ್ತಿತ್ತೆಂದರೆ, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಹಬ್ಬನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗಿತ್ತು. ದಾರಿಗೆ ಆ ಹೆಸರು ಬಂದದ್ದು ಹೀಗೆ.

ಬ್ರೇಕಿನ ಮುಂದಿರುವ ಎರಡು ಸಮಸ್ಯೆಗಳನ್ನು ಈ ಕಥೆಯಿಂದಲೇ ಗುರುತಿಸಬಹುದು. ಮೊದಲನೆಯದು, ಬೆರಳಿನ ಬಲವನ್ನು ಚಕ್ರದವರೆಗೆ ಒಯ್ಯುವುದು. ಎರಡನೆಯದು, ಹುಟ್ಟುವ ಉಷ್ಣವನ್ನು ಹೊರಹಾಕುವುದು. ದ್ರವಚಾಲಿತ ಡಿಸ್ಕ್ ಬ್ರೇಕು ಇವನ್ನು ಹೇಗೆ ಬಿಡಿಸುತ್ತದೆ? ನಮ್ಮ ಸೈಕಲ್ಲಿಗೆ ಅದನ್ನು ಹಾಕಿಸುವ ಮುನ್ನ ಏನೇನು ತಿಳಿದಿರಬೇಕು?

ಉಷ್ಣದ ಲೆಕ್ಕ

ಸವಾರ ಮತ್ತು ಸೈಕಲ್ಲಿನ ಒಟ್ಟು ರಾಶಿ 85 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. 400 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಪ್ರಚ್ಛನ್ನ ಶಕ್ತಿ 85 × 9.8 × 400, ಅಂದರೆ ಸುಮಾರು 3,33,000 ಜೂಲ್. ಐದು ನಿಮಿಷದಲ್ಲಿ ಇಳಿದರೆ ಸೆಕೆಂಡಿಗೆ ಸುಮಾರು 1,100 ಜೂಲ್ ಆಯಿತು. ಮನೆಯ ವಿದ್ಯುತ್ ಇಸ್ತ್ರಿಪೆಟ್ಟಿಗೆ ಬಳಸುವ ಸಾಮರ್ಥ್ಯ ಹೆಚ್ಚು ಕಡಿಮೆ ಇಷ್ಟೇ. ಇದರಲ್ಲಿ ಒಂದು ಪಾಲು ಗಾಳಿಯ ಮತ್ತು ನೆಲದ ತಡೆಗೆ ವ್ಯಯವಾಗುತ್ತದೆ. ಉಳಿದದ್ದನ್ನೆಲ್ಲ ಬ್ರೇಕು ಉಷ್ಣವಾಗಿ ಮಾರ್ಪಡಿಸಬೇಕು.

ಸೈಕಲ್ಲಿನ ಎರಡು ಡಿಸ್ಕುಗಳ ಒಟ್ಟು ತೂಕ ಸುಮಾರು 250 ಗ್ರಾಂ. ಉಕ್ಕಿನ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ, ಡಿಗ್ರಿಗೆ ಸುಮಾರು 500 ಜೂಲ್. ಶಕ್ತಿಯೆಲ್ಲ ಡಿಸ್ಕಿನಲ್ಲೇ ಉಳಿದುಕೊಂಡರೆ ಉಷ್ಣತೆ 2,600 ಡಿಗ್ರಿಗೂ ಹೆಚ್ಚು ಏರಬೇಕು! ಉಕ್ಕು 1,500 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲೇ ಕರಗುತ್ತದೆ. ಹಾಗಾಗದಿರಲು ಕಾರಣ, ಹುಟ್ಟಿದ ಉಷ್ಣವನ್ನು ಡಿಸ್ಕು ಆಗಿಂದಾಗಲೇ ಗಾಳಿಗೆ ಬಿಟ್ಟುಕೊಡುವುದು.

ರಿಮ್ಮನ್ನು ಹಿಡಿಯುವ ಬ್ರೇಕಿನಲ್ಲಿಯೂ ಇಷ್ಟೇ ಉಷ್ಣ ಹುಟ್ಟುತ್ತದೆ. ರಿಮ್ಮು ದೊಡ್ಡದಾದ್ದರಿಂದ ಅಷ್ಟು ಬೇಗ ಕಾಯುವುದಿಲ್ಲ. ಆದರೆ ಕಾದಾಗ ಅದಕ್ಕೆ ಅಂಟಿಕೊಂಡೇ ಟೈರು, ಟ್ಯೂಬುಗಳಿರುತ್ತವೆ. ಕೆಸರು, ನೀರು ಮೊದಲು ಮೆತ್ತಿಕೊಳ್ಳುವುದೂ ರಿಮ್ಮಿಗೇ. ಡಿಸ್ಕು ಚಕ್ರದ ನಡುವೆ, ನೆಲದಿಂದ ಮೇಲಿರುತ್ತದೆ. ಚಿಕ್ಕದಾದ್ದರಿಂದ ಬಹಳ ಕಾಯುತ್ತದೆ, ನಿಜ. ಆದರೆ ಹೆಚ್ಚು ಕಾದ ವಸ್ತು ಉಷ್ಣವನ್ನು ಬೇಗ ಕಳೆದುಕೊಳ್ಳುತ್ತದೆ. ಉಕ್ಕು ಆ ಕಾವನ್ನು ತಾಳಿಕೊಳ್ಳುತ್ತದೆ.

ತಂತಿಯ ಬದಲು ದ್ರವ

ಡಿಸ್ಕ್ ಬ್ರೇಕುಗಳೆಲ್ಲ ದ್ರವದವಲ್ಲ. ಅಂಗಡಿಗಳಲ್ಲಿ ಸಿಗುವ ಹಲವು ಸೈಕಲ್ಲುಗಳಲ್ಲಿ ಡಿಸ್ಕಿದ್ದರೂ ಅದನ್ನು ಹಿಡಿಸುವುದು ಉಕ್ಕಿನ ತಂತಿ. ಪ್ಯಾಡುಗಳಿರುವ ಕ್ಯಾಲಿಪರಿನ ಬಳಿ ತಂತಿ ಬಯಲಾಗಿ ಕಂಡು, ಒಂದು ಸಣ್ಣ ತೋಳನ್ನು ಎಳೆಯುತ್ತಿದ್ದರೆ ಅದು ತಂತಿಯ ಬ್ರೇಕು. ಕೊಳವೆ ನೇರವಾಗಿ ಕ್ಯಾಲಿಪರಿನೊಳಗೆ ಸೇರಿದ್ದರೆ ದ್ರವದ್ದು.

ತಂತಿ ತನ್ನ ಹೊರಕವಚದೊಳಗೆ ಜಾರುತ್ತಾ ಹೋಗಬೇಕು. ಬಾಗಿದ ಕಡೆಗಳಲ್ಲೆಲ್ಲ ಅದು ಕವಚಕ್ಕೆ ಉಜ್ಜುತ್ತದೆ. ಬಾಗುಗಳೆಲ್ಲ ಸೇರಿ 180 ಡಿಗ್ರಿಯಾದರೆ, ಘರ್ಷಣಾ ಗುಣಾಂಕ 0.1 ಇದ್ದಾಗ ಎಳೆತದ ಕಾಲು ಭಾಗಕ್ಕಿಂತ ತುಸು ಹೆಚ್ಚು ದಾರಿಯಲ್ಲೇ ನಷ್ಟ. ತುಕ್ಕು, ಮಣ್ಣು ಸೇರಿ ಅದು 0.2 ಆದರೆ ಸುಮಾರು ಅರ್ಧದಷ್ಟು ನಷ್ಟ.

ದ್ರವಕ್ಕೆ ಈ ತೊಂದರೆಯಿಲ್ಲ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ (1623–1662) ತೋರಿಸಿಕೊಟ್ಟಂತೆ, ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ. ಕೊಳವೆ ಹೇಗೇ ಬಾಗಿದ್ದರೂ ಆ ಕೊನೆಯಲ್ಲಿ ಅದೇ ಒತ್ತಡವಿರುತ್ತದೆ.

ಒಂದು ಉದಾಹರಣೆ ನೋಡೋಣ. ಬೆರಳು ಬ್ರೇಕಿನ ಹಿಡಿಯನ್ನು 50 ನ್ಯೂಟನ್ ಬಲದಿಂದ ಎಳೆಯುತ್ತದೆ. ಹಿಡಿಯು ಸನ್ನೆಯಂತೆ ಕೆಲಸ ಮಾಡಿ ಇದನ್ನು ನಾಲ್ಕು ಪಟ್ಟು ಮಾಡಿ, 200 ನ್ಯೂಟನ್ ಬಲದಿಂದ 10 ಮಿಲಿಮೀಟರ್ ವ್ಯಾಸದ ಪಿಸ್ಟನ್ನನ್ನು ಒತ್ತುತ್ತದೆ. ಇದರಿಂದ ದ್ರವದಲ್ಲಿ ವಾಯುಮಂಡಲದ ಒತ್ತಡದ ಸುಮಾರು 25 ಪಟ್ಟು ಒತ್ತಡ ಏಳುತ್ತದೆ. ಕ್ಯಾಲಿಪರಿನಲ್ಲಿ ಡಿಸ್ಕಿನ ಎರಡೂ ಕಡೆ 22 ಮಿಲಿಮೀಟರ್ ವ್ಯಾಸದ ಒಂದೊಂದು ಪಿಸ್ಟನ್ ಇದೆಯೆನ್ನೋಣ. ಇವುಗಳ ವಿಸ್ತೀರ್ಣ ಮೊದಲಿನದರ 4.84 ಪಟ್ಟು. ಆದ್ದರಿಂದ ಒಂದೊಂದು ಪ್ಯಾಡೂ ಡಿಸ್ಕನ್ನು ಸುಮಾರು 970 ನ್ಯೂಟನ್ ಬಲದಿಂದ ಒತ್ತುತ್ತದೆ.

ಶಕ್ತಿ ಎಲ್ಲಿಂದಲೋ ಹೆಚ್ಚಾಯಿತೆಂದು ವಿದ್ಯಾರ್ಥಿಗಳು ಭಾವಿಸಬಾರದು. ಹಿಡಿಯ ತುದಿ 20 ಮಿಲಿಮೀಟರ್ ಸರಿದಾಗ ಮೊದಲ ಪಿಸ್ಟನ್ ಸರಿಯುವುದು 5 ಮಿಲಿಮೀಟರ್. ಪ್ಯಾಡುಗಳು ಸರಿಯುವುದು ತಲಾ ಅರ್ಧ ಮಿಲಿಮೀಟರ್ ಮಾತ್ರ. ಬೆರಳು ಮಾಡಿದ ಕೆಲಸ ಒಂದು ಜೂಲ್, ಪ್ಯಾಡುಗಳು ಮಾಡಿದ್ದೂ ಒಂದು ಜೂಲ್. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕಳೆದುಕೊಂಡಿದ್ದೇವೆ, ಅಷ್ಟೆ.

ಪ್ಯಾಡು ಸವೆದರೂ ಈ ಬ್ರೇಕು ತನ್ನನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಕ್ಯಾಲಿಪರಿನ ಪಿಸ್ಟನ್ ಸುತ್ತ ಒಂದು ರಬ್ಬರ್ ಉಂಗುರವಿದೆ. ಬ್ರೇಕು ಹಿಡಿದಾಗ ಅದು ತುಸು ಬಾಗುತ್ತದೆ. ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಹಿಂದಕ್ಕೆಳೆಯುತ್ತದೆ. ಪ್ಯಾಡು ಸವೆದಷ್ಟೂ ಪಿಸ್ಟನ್ ಉಂಗುರದೊಳಗೆ ಜಾರಿ ಮುಂದೆ ಬರುತ್ತದೆ. ಹಿಂದೆ ಉಳಿದ ಜಾಗಕ್ಕೆ ಹಿಡಿಯ ಬಳಿಯಿರುವ ಪುಟ್ಟ ತೊಟ್ಟಿಯಿಂದ ದ್ರವ ಇಳಿಯುತ್ತದೆ.

ಎಂಟು ಹನಿ ಗಾಳಿ

ಈ ವ್ಯವಸ್ಥೆಯ ದೊಡ್ಡ ಶತ್ರು ಗಾಳಿ. ದ್ರವವನ್ನು ಒತ್ತಿ ಕುಗ್ಗಿಸುವುದು ಕಷ್ಟ, ಅನಿಲವನ್ನು ಸುಲಭ. ಮೇಲಿನ ಉದಾಹರಣೆಯಲ್ಲಿ ಹಿಡಿಯನ್ನು ಪೂರ್ತಿ ಎಳೆದಾಗ ಸಾಗುವ ದ್ರವ ಕೇವಲ 0.4 ಮಿಲಿಲೀಟರ್. ಕೊಳವೆಯೊಳಗೆ ಅಷ್ಟೇ ಗಾತ್ರದ, ಅಂದರೆ ಸುಮಾರು ಎಂಟು ಹನಿಯಷ್ಟು ಗಾಳಿ ಸಿಕ್ಕಿಕೊಂಡಿದೆ ಎನ್ನೋಣ. ಬಾಯ್ಲ್ ನಿಯಮದಂತೆ ಒತ್ತಡ 26 ಪಟ್ಟಾದಾಗ ಗಾಳಿಯ ಗಾತ್ರ 26ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾದರೆ ಹಿಡಿಯ ಚಲನೆ ಬಹುಪಾಲು ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿಯಿತು! ಪ್ಯಾಡು ಡಿಸ್ಕನ್ನು ಬಿಗಿಯಾಗಿ ಒತ್ತುವ ಮೊದಲೇ ಹಿಡಿ ಹ್ಯಾಂಡಲ್ಲಿಗೆ ತಾಗುತ್ತದೆ.

ಇದನ್ನು ತರಗತಿಯಲ್ಲಿ ತೋರಿಸಬಹುದು. ಸೂಜಿಯಿಲ್ಲದ 5 ಮತ್ತು 20 ಮಿಲಿಲೀಟರಿನ ಎರಡು ಸಿರಿಂಜ್‌ಗಳನ್ನು ಪಾರದರ್ಶಕ ಕೊಳವೆಯಿಂದ ಜೋಡಿಸಿ ನೀರು ತುಂಬಿ. ಇಬ್ಬರು ವಿದ್ಯಾರ್ಥಿಗಳು ಒಂದೊಂದನ್ನು ಒತ್ತಲಿ. ಚಿಕ್ಕದನ್ನು ಹಿಡಿದವನೇ ಗೆಲ್ಲುತ್ತಾನೆ. ಆದರೆ ಹೆಚ್ಚು ದೂರ ಒತ್ತಬೇಕಾಗುತ್ತದೆ. ಬಳಿಕ ಒಂದು ಗಾಳಿಗುಳ್ಳೆಯನ್ನು ಸೇರಿಸಿ, ಮತ್ತೆ ಒತ್ತಿಸಿ. ಗುಳ್ಳೆ ಕುಗ್ಗುವುದು ಕಣ್ಣಿಗೆ ಕಾಣುತ್ತದೆ, ಒತ್ತಿದ್ದು ಸ್ಪಂಜಿನಂತೆ ಕೈಗೆ ತಿಳಿಯುತ್ತದೆ.

ಗಾಳಿ ಹೊರಗಿನಿಂದಲೇ ಬರಬೇಕಾಗಿಲ್ಲ. ದ್ರವ ಕುದಿದರೂ ಆವಿಯ ಗುಳ್ಳೆಗಳು ಏಳುತ್ತವೆ. ಬ್ರೇಕು ಹಿಡಿದೇ ಉದ್ದ ಇಳಿಜಾರು ಇಳಿಯುವಾಗ ಡಿಸ್ಕಿನ ಕಾವು ಪ್ಯಾಡಿನ ಮೂಲಕ ದ್ರವಕ್ಕೆ ಸೇರುತ್ತದೆ. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ಆದರೆ ಅದು ನೀರಿನ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ದ್ರವಕ್ಕೆ ಗೊತ್ತುಪಡಿಸಿದ ಕನಿಷ್ಠ ಕುದಿಬಿಂದು 155 ಡಿಗ್ರಿ ಮಾತ್ರ. ದ್ರವವನ್ನು ಕಾಲಕಾಲಕ್ಕೆ ಬದಲಿಸಬೇಕೆನ್ನುವುದು ಇದಕ್ಕೇ. ಕೆಲವು ಬ್ರೇಕುಗಳಲ್ಲಿ ಖನಿಜ ತೈಲವಿರುತ್ತದೆ. ಅದು ನೀರನ್ನು ಹೀರುವುದಿಲ್ಲ. ಆದರೆ ಒಂದರಲ್ಲಿ ಇನ್ನೊಂದನ್ನು ಎಂದೂ ತುಂಬಬಾರದು. ಒಂದಕ್ಕೆಂದು ಮಾಡಿದ ರಬ್ಬರ್ ಉಂಗುರ ಇನ್ನೊಂದರಲ್ಲಿ ಕೆಡುತ್ತದೆ.

ಬದಲಾಯಿಸುವ ಮುನ್ನ

ಎಲ್ಲ ಸೈಕಲ್ಲಿಗೂ ಈ ಬ್ರೇಕು ಕೂರುವುದಿಲ್ಲ. ಕ್ಯಾಲಿಪರನ್ನು ಬಿಗಿಯಲು ಫೋರ್ಕಿನಲ್ಲೂ ಹಿಂದಿನ ಚೌಕಟ್ಟಿನಲ್ಲೂ ಅದಕ್ಕೆಂದೇ ಮಾಡಿದ ನೆಲೆಗಳಿರಬೇಕು. ಹಬ್ಬಿನಲ್ಲಿ ಡಿಸ್ಕನ್ನು ಕೂರಿಸುವ ಜಾಗವಿರಬೇಕು. ಡಿಸ್ಕ್ ಬ್ರೇಕಿನಲ್ಲಿ ತಡೆಯುವ ಬಲ ಹಬ್ಬಿನಿಂದ ಕಡ್ಡಿಗಳ ಮೂಲಕ ಟೈರಿಗೆ ಹೋಗುತ್ತದೆ. ಫೋರ್ಕಿನ ಒಂದೇ ಕಾಲು ಅದರ ತಿರುಚನ್ನು ತಡೆದುಕೊಳ್ಳಬೇಕಾಗುತ್ತದೆ. ನೆಲೆಯಿಲ್ಲದ ಫೋರ್ಕಿಗೆ ತುಂಡು ಬೆಸೆದು ಕ್ಯಾಲಿಪರ್ ಕೂರಿಸುವುದು ಅಪಾಯಕಾರಿ. ಈಗಾಗಲೇ ತಂತಿಯ ಡಿಸ್ಕ್ ಬ್ರೇಕು ಇರುವ ಸೈಕಲ್ಲಿಗಾದರೆ ಕೆಲಸ ಸುಲಭ. ಹಿಡಿ, ಕೊಳವೆ, ಕ್ಯಾಲಿಪರುಗಳನ್ನು ಬದಲಿಸಿದರೆ ಸಾಮಾನ್ಯವಾಗಿ ಸಾಕು.

ಹೊಸ ಪ್ಯಾಡು ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಸಮತಟ್ಟಾದ ದಾರಿಯಲ್ಲಿ ಇಪ್ಪತ್ತು ಸಲವಾದರೂ ವೇಗ ತಗ್ಗಿಸಿ ಅದನ್ನು ಪಳಗಿಸಬೇಕು. ಡಿಸ್ಕಿಗೆ, ಪ್ಯಾಡಿಗೆ ಎಣ್ಣೆ ತಾಗಕೂಡದು. ಚಕ್ರ ಬಿಚ್ಚಿಟ್ಟಾಗ ಹಿಡಿಯನ್ನು ಒತ್ತಬಾರದು. ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಕೂಡಿಕೊಂಡು ಡಿಸ್ಕು ಒಳಹೋಗದಂತಾಗುತ್ತದೆ.

ಇನ್ನೊಂದು ಮಾತು. ಬ್ರೇಕು ನಿಲ್ಲಿಸುವುದು ಚಕ್ರವನ್ನು ಮಾತ್ರ; ಸೈಕಲ್ಲನ್ನು ನಿಲ್ಲಿಸುವುದು ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆ. ಸಡಿಲ ಜಲ್ಲಿಯ ಮೇಲೆ ಎಂಥ ಬ್ರೇಕೂ ಆ ಘರ್ಷಣೆಯನ್ನು ಹೆಚ್ಚಿಸಲಾರದು. ಮುಂದಿನ ಬ್ರೇಕನ್ನು ಹಠಾತ್ತನೆ ಬಿಗಿದರೆ ಸವಾರ ಹ್ಯಾಂಡಲಿನ ಮೇಲಿಂದ ಮುಗ್ಗರಿಸಬಹುದು. ದ್ರವದ ಬ್ರೇಕಿನ ನಿಜವಾದ ಉಪಯೋಗವೆಂದರೆ ಒಂದು ಬೆರಳಿನಿಂದ, ಬೇಕಾದಷ್ಟನ್ನೇ ಅಳೆದು ಹಿಡಿಯಲು ಸಾಧ್ಯವಾಗುವುದು.

ಪ್ರತಿ ಸಲ ಹೊರಡುವ ಮುನ್ನ ಎರಡೂ ಹಿಡಿಗಳನ್ನು ಬಲವಾಗಿ ಒತ್ತಿ ನೋಡಿ. ಗಟ್ಟಿಯಾಗಿ ನಿಂತರೆ ಸರಿ. ಸ್ಪಂಜಿನಂತೆ ಕುಸಿದು ಹ್ಯಾಂಡಲಿನತ್ತ ಬಂದರೆ ಒಳಗೆ ಗಾಳಿ ಸೇರಿದೆಯೆಂದೇ ತಿಳಿಯಿರಿ. ಅದನ್ನು ಹೊರತೆಗೆಸುವವರೆಗೆ ಇಳಿಜಾರಿಗೆ ಹೋಗಬೇಡಿ. ವಿದ್ಯಾರ್ಥಿಗಳು ತಮ್ಮೂರಿನ ಗುಡ್ಡದ ಎತ್ತರವನ್ನೂ ತಮ್ಮ ಮತ್ತು ಸೈಕಲ್ಲಿನ ತೂಕವನ್ನೂ ತೆಗೆದುಕೊಂಡು ಮೇಲಿನ ಉಷ್ಣದ ಲೆಕ್ಕವನ್ನು ಮಾಡಿ ನೋಡಲಿ. ಅಲ್ಲಿ ಇಳಿಯುವಾಗ ಬ್ರೇಕಿನ ಪಾಲಿಗೆ ಬರುವ ಕೆಲಸವೆಷ್ಟು ಎಂಬುದು ಅವರಿಗೇ ತಿಳಿಯುತ್ತದೆ.